ಚೀಟಿ ಹಾಕಿ ಸ್ಪೀಡ್‌ವೇ ಸೀಸನ್ ದಾಟಿಸಿದ್ದು: ನನ್ನ ಅನುಭವ

ಸ್ಪೀಡ್‌ವೇ ಎಂದರೆ ಮಣ್ಣಿನ ಅಂಡಾಕಾರದ ಟ್ರ್ಯಾಕ್‌ನಲ್ಲಿ ತಂಡಗಳ ನಡುವೆ ನಡೆಯುವ ಬೈಕ್ ರೇಸ್, ಒಂದೊಂದು ರೇಸಿಗೆ ಎರಡೂ ತಂಡದಿಂದ ಇಬ್ಬಿಬ್ಬರು. ಬ್ರಿಟನ್ನಿನ ಎರಡನೇ ಹಂತದ ಸ್ಪೀಡ್‌ವೇ ಲೀಗ್‌ನಲ್ಲಿ ರಿಸರ್ವ್ ಆಗಿ, ಅಂದರೆ ತಂಡದ ಏಳು ಜನರಲ್ಲಿ ಕೊನೆಯ ಇಬ್ಬರಲ್ಲಿ ಒಬ್ಬನಾಗಿ, ಓಡಿಸುವ ಹುಡುಗ ಸಾಲವಿಲ್ಲದೆ ಸೀಸನ್ ಮುಗಿಸಬಹುದು. ನಾವು ಮುಗಿಸಿದ್ದೇವೆ. ಆಗೋ ಮಾತಲ್ಲ ಎಂದು ಪಿಟ್ಸ್‌ನಲ್ಲಿ (ಟ್ರ್ಯಾಕ್ ಪಕ್ಕ ಬೈಕ್ ಸಜ್ಜು ಮಾಡುವ ಜಾಗ) ಹೇಳಿದವರೇ ಈಗ ಬಂದು ಲೆಕ್ಕ ಕೇಳುತ್ತಿದ್ದಾರೆ. ನಾನು ಲೆಸ್ಟರ್‌ನಲ್ಲಿ ಸಿಎನ್‌ಸಿ ಮಷೀನಿಸ್ಟ್, ಪೀಣ್ಯದಲ್ಲಿ ಪಳಗಿದ ಕೈ. ಸಂಜೆ ಹೊತ್ತು ಆ ಹುಡುಗನ ಮೆಕ್ಯಾನಿಕ್.

ಬೈಕ್ ಸರಳವಾದದ್ದು. 500 ಸಿಸಿ, ಮೆಥನಾಲ್, ಒಂದೇ ಗೇರ್, ಬ್ರೇಕ್ ಇಲ್ಲ. ಕಷ್ಟ ಇರುವುದು ದುಡ್ಡು ಬರುವ ಹೊತ್ತಿನಲ್ಲಿ. ಬೈಕು, ವ್ಯಾನು, ಎಂಜಿನ್ ಎಲ್ಲ ಸವಾರನದೇ ಖರ್ಚು. ಕ್ಲಬ್ ಕೊಡುವುದು ಪಾಯಿಂಟ್ ಲೆಕ್ಕದಲ್ಲಿ: ಗೆದ್ದರೆ 3, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಎಂಜಿನ್ ಖರೀದಿ, ಸರ್ವಿಸ್ ಎಲ್ಲ ಚಳಿಗಾಲದಲ್ಲೇ ಆಗಬೇಕು, ಆದಾಯ ಶುರುವಾಗುವುದು ಏಪ್ರಿಲ್ ಹೊತ್ತಿಗೆ. ಹಾಗಾಗಿ ಎಲ್ಲರೂ ಕ್ರೆಡಿಟ್ ಕಾರ್ಡ್ ಉಜ್ಜುತ್ತಾರೆ, ಬೇಸಿಗೆಯೆಲ್ಲ ಬಡ್ಡಿ ಕಟ್ಟುತ್ತಾರೆ. ಸ್ಕಾಟ್ಲೆಂಡ್‌ವರೆಗೆ ಐದು ಗಂಟೆ ವ್ಯಾನ್ ಓಡಿಸಿ, ಅಲ್ಲಿ ಮಳೆ ಬಂದು ಮೀಟಿಂಗ್ (ಆ ದಿನದ ಪಂದ್ಯ) ರದ್ದಾದರೆ ಡೀಸೆಲ್ ಕೂಡ ಕೈಯಿಂದಲೇ.

ಟ್ರ್ಯಾಕ್‌ಗಳು ಬೇರೆ ಕಮ್ಮಿಯಾಗುತ್ತಿವೆ. ಕೊವೆಂಟ್ರಿಯಲ್ಲಿ 2016ರ ನಂತರ ರೇಸ್ ಇಲ್ಲ, ಸ್ವಿಂಡನ್‌ನಲ್ಲಿ 2019ರ ನಂತರ ಇಲ್ಲ. ವುಲ್ವರ್‌ಹ್ಯಾಂಪ್ಟನ್, ಪೀಟರ್‌ಬರೋ ಎರಡೂ 2023ಕ್ಕೆ ಮುಗಿದವು. ಆಕ್ಸ್‌ಫರ್ಡ್ 2022ರಲ್ಲಿ ವಾಪಸ್ ಬಂದಿತು, ಅದೊಂದು ಖುಷಿ. ಕ್ಲಬ್ ಕಮ್ಮಿಯಾದರೆ ಮೀಟಿಂಗ್ ಕಮ್ಮಿ, ಎಂಜಿನ್ ಬೆಲೆ ಮಾತ್ರ ಅಷ್ಟೇ.

ಮೊದಲು ಸ್ಪಾನ್ಸರ್ ಹುಡುಕಿದೆವು. ಎರಡು ಸಾವಿರ ಪೌಂಡ್ ಕೊಡುತ್ತೇವೆ ಎಂದ ಒಂದು ಅಂಗಡಿಯವರು ಮುನ್ನೂರು ಕೊಟ್ಟು ಫೋನ್ ಎತ್ತುವುದನ್ನೇ ಬಿಟ್ಟರು. ಅದೇ ವರ್ಷ ಸೆಕೆಂಡ್ ಹ್ಯಾಂಡ್ ಎಂಜಿನ್ನಿನ ಕನೆಕ್ಟಿಂಗ್ ರಾಡ್ ಮುರಿದು ಕೇಸ್ ಸೀಳಿತು. ಕ್ರ್ಯಾಂಕ್ ಕೆಳಗಿನ ಗೋಡೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು, ಒಳಗೆಲ್ಲ ಅಲ್ಯೂಮಿನಿಯಂ ಚೂರು.

ಆಗ ಚೀಟಿ ಹಾಕೋಣ ಎಂದೆ. ಇಪ್ಪತ್ತು ಜನ, ತಿಂಗಳಿಗೆ ನೂರೈವತ್ತು ಪೌಂಡ್. ಲೆಸ್ಟರ್, ನಾಟಿಂಗ್‌ಹ್ಯಾಮ್ ಕಡೆಯ ನಮ್ಮ ಕನ್ನಡದವರೇ ಜಾಸ್ತಿ, ಫ್ಯಾಕ್ಟರಿಯ ಇಬ್ಬರು ಇಂಗ್ಲಿಷರೂ ಸೇರಿದರು. ಮೊದಲ ಚೀಟಿ ನಡೆಸುವವನದು, ಅದನ್ನು ಕೂಗುವ ಹಾಗಿಲ್ಲ, ಅಲ್ವಾ? ಆ ಮೂರು ಸಾವಿರವನ್ನು ನವೆಂಬರ್‌ನಲ್ಲೇ ಎತ್ತಿ ಹುಡುಗನ ಕೈಗೆ ಕೊಟ್ಟೆ. ಇಟಲಿಯ ಜಿಎಂ ಕಂಪನಿಯ ಹೊಸ ಎಂಜಿನ್‌ಗೆ ಐದಾರು ಸಾವಿರ ಬೇಕು, ಅದು ನಮ್ಮ ಅಳವಲ್ಲ. ಹಳೆಯದನ್ನೇ ತಗೊಂಡೆವು, ಆದರೆ ಈ ಸಲ ಮಾರುವವನ ಎದುರೇ ಬಿಚ್ಚಿ, ರಾಡ್, ಬೇರಿಂಗ್ ಅಳೆದು, ಆಮೇಲೆ ದುಡ್ಡು ಎಣಿಸಿದೆವು.

"ಅವನು ಬಿದ್ದು ಮೂಳೆ ಮುರಿದುಕೊಂಡರೆ ಕಂತು ಯಾರು ಕಟ್ಟುತ್ತಾರೆ?" ಪಿಟ್ಸ್‌ನಲ್ಲಿ ಎಲ್ಲರದೂ ಇದೇ ಪ್ರಶ್ನೆ. ಅದಕ್ಕೇ ಪ್ರತಿ ಮೀಟಿಂಗ್‌ನ ಸಂಬಳದಲ್ಲಿ ಮೊದಲು ಚೀಟಿ ದುಡ್ಡು ತೆಗೆದಿಡುತ್ತಿದ್ದೆವು, ಪೆಟ್ರೋಲ್ ಬಂಕಿಗೂ ಮೊದಲು. ಮೂರ್ನಾಲ್ಕು ಕಂತು ಯಾವಾಗಲೂ ಕೈಯಲ್ಲಿ ಮುಂದಿರಬೇಕು. ಜುಲೈನಲ್ಲಿ ಹುಡುಗ ನಿಜವಾಗಿಯೂ ಕಾಲರ್ ಬೋನ್ ಮುರಿದುಕೊಂಡು ಹೆಚ್ಚುಕಡಿಮೆ ಒಂದೂವರೆ ತಿಂಗಳು ಕೂತ. ಒಂದು ಕಂತೂ ತಪ್ಪಲಿಲ್ಲ. ಈ ಮಾತು ಹೇಳುವಾಗ ನನಗೆ ಎದೆಯುಬ್ಬುತ್ತದೆ.

ನಮ್ಮಲ್ಲಿದ್ದ ಎರಡು ಎಂಜಿನ್‌ಗೂ ಎಷ್ಟು ಹೀಟ್ (ಒಂದೊಂದು ರೇಸ್) ಓಡಿತು ಎಂದು ಬರೆಯಲು ಬೇರೆ ಬೇರೆ ಪುಸ್ತಕ ಇಟ್ಟೆ. ಯಾರೋ ಬಿದ್ದು ರೇಸ್ ನಿಂತು ಮತ್ತೆ ಓಡಿಸಿದರೆ ಅದೂ ಒಂದು ಹೀಟ್ ಎಂದೇ ಬರೆಯಬೇಕು, ಪ್ರಾಕ್ಟೀಸ್ ಕೂಡ. ಬಹಳ ಜನ ಸ್ಕೋರ್ ಕಾರ್ಡ್ ನೋಡಿ ಎಣಿಸುತ್ತಾರೆ, ಎಂಜಿನ್ ಅದಕ್ಕಿಂತ ಜಾಸ್ತಿ ದುಡಿದಿರುತ್ತದೆ. ರಿಸರ್ವ್‌ಗೆ ಒಂದೇ ರಾತ್ರಿ ಏಳು ರೈಡ್‌ವರೆಗೂ ಬರಬಹುದು. ಮೂವತ್ತು ಹೀಟ್‌ನ ಆಸುಪಾಸು ಬಂದರೆ ಒಂದು ಸರ್ವಿಸ್‌ಗೆ ಹೋಗುತ್ತದೆ, ಇನ್ನೊಂದು ಫ್ರೇಮ್ ಏರುತ್ತದೆ. ಕಾರ್ಬುರೇಟರ್‌ನ ಜೆಟ್, ಇಗ್ನಿಷನ್ ಟೈಮಿಂಗ್ ಎಷ್ಟು ಇಡುತ್ತೇನೆ ಎಂದು ಇಲ್ಲಿ ಹೇಳುವುದಿಲ್ಲ. ಪಾಯಿಂಟ್‌ಗೆ ಎಷ್ಟು ಸಿಗುತ್ತದೆ ಎಂಬುದೂ ಹುಡುಗನ ಗುಟ್ಟು.

ಮಧ್ಯೆ ಹಿಂದಿನ ಸ್ಪ್ರಾಕೆಟ್‌ಗಳನ್ನು (ಚೈನ್ ಕೂರುವ ಹಲ್ಲಿನ ಚಕ್ರ) ನಾನೇ ಮಾಡಿ ನೋಡಿದೆ. 6082 ದರ್ಜೆಯ ಅಲ್ಯೂಮಿನಿಯಂನಲ್ಲಿ ಹಲ್ಲು ಬೇಗ ಸವೆಯಿತು. ಇನ್ನೂ ಗಟ್ಟಿಯಾದ 7075ಗೆ ಬದಲಾಯಿಸಿದ ಮೇಲೆ ಸರಿಹೋಯಿತು. ಶೀಟ್‌ನ ಉಳಿಕೆ ತುಂಡು ಸಿಕ್ಕರೆ ಹತ್ತು ಪೌಂಡ್ ಒಳಗೆ ಒಂದು ಆಗುತ್ತದೆ. ಹೀಗಾಗಿ ಒಂದೊಂದು ಹಲ್ಲಿನ ಅಂತರದಲ್ಲಿ ಪೂರ್ತಿ ಸೆಟ್ ನಮ್ಮಲ್ಲಿದೆ, ಬೇರೆ ರಿಸರ್ವ್‌ಗಳು ಬಂದು ಕೇಳಿಕೊಂಡು ಹೋಗುತ್ತಾರೆ.

ಪಾಯಿಂಟ್‌ಗಳೂ ಹೆಚ್ಚಿದವು. ಜೊತೆಗಾರನ ಬೆನ್ನಿಗೇ ಮೂರನೆಯವನಾಗಿ ಬಂದರೆ ಒಂದು ಬೋನಸ್ ಪಾಯಿಂಟ್, ಅದಕ್ಕೂ ದುಡ್ಡು ಇದೆ. ಅದನ್ನು ಹುಡುಗ ಚೆನ್ನಾಗಿ ಕಲಿತ. ಅವನ ಪಾಯಿಂಟ್ ಸರಾಸರಿ (ನಾಲ್ಕು ರೈಡ್‌ಗೆ ಇಷ್ಟು ಎಂಬ ಲೆಕ್ಕ) ಮೂರು ಚಿಲ್ಲರೆಯಿಂದ ಐದರ ಹತ್ತಿರ ಹೋಯಿತು. ಅಲ್ಲೇ ಹೊಸ ತಲೆನೋವು. ತಂಡದ ಏಳು ಜನರ ಒಟ್ಟು ಸರಾಸರಿಗೆ ಮಿತಿ ಇದೆ, ಹಾಗಾಗಿ ಸುಧಾರಿಸಿದವನೇ ಮುಂದಿನ ವರ್ಷ ತಂಡಕ್ಕೆ ಭಾರ. ಚೆನ್ನಾಗಿ ಓಡಿಸಿದ್ದಕ್ಕೆ ಜಾಗ ಹೋಗುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಚಳಿಗಾಲದಲ್ಲಿ ಇದ್ದ ಕ್ಲಬ್ ಬಿಡಬೇಕಾಯಿತು. ಬೇರೊಂದು ಕ್ಲಬ್ ಕರೆಯಿತು, ರಿಸರ್ವ್ ಅಲ್ಲ, ಮೊದಲ ಐವರಲ್ಲಿ ಜಾಗ.

ಹಳೆ ಚೀಟಿಗೆ ಇನ್ನೂ ಕೆಲವು ಕಂತು ಬಾಕಿ ಇದೆ. ಅದು ಮುಗಿದ ಮೇಲೆ ಇನ್ನೂರರ ಚೀಟಿ ಶುರುಮಾಡುತ್ತೇನೆ. ಈ ಸಲ ಸೇರುವವರಲ್ಲಿ, ಕಂತು ಯಾರು ಕಟ್ಟುತ್ತಾರೆ ಎಂದು ಪಿಟ್ಸ್‌ನಲ್ಲಿ ಕೇಳಿದ ಇಬ್ಬರು ಮೆಕ್ಯಾನಿಕ್‌ಗಳೂ ಇದ್ದಾರೆ.