ಗಿರಣಿಯ ಹಳೆಯ ಎಂಜಿನ್ನು ಮತ್ತು ಒಂದು ಬಡಿತದ ಜಾಡು

ಮಂಡ್ಯ ಸೀಮೆಯ ನಮ್ಮ ಊರಿನಲ್ಲಿ ಅಪ್ಪ ನಡೆಸುತ್ತಿದ್ದ ಹಿಟ್ಟಿನ ಗಿರಣಿಯ ಡೀಸೆಲ್ ಎಂಜಿನ್ನು 1993ರ ಬೇಸಗೆಯಲ್ಲಿ ನಿಂತಿತು. ಮತ್ತೆ ತಿರುಗಿದ್ದು 2019ರ ಡಿಸೆಂಬರಿನಲ್ಲಿ. ಅದನ್ನು ನಿಲ್ಲಿಸಲು ಕಾರಣವಾದದ್ದು ಒಂದು ಬಡಿತ. ಎಂದಿನ ಗುಡುಗುಡು ಸದ್ದಿನ ನಡುವೆ ಟಕ್ಕೆಂದು ಲೋಹ ಲೋಹಕ್ಕೆ ತಾಗುವ ಶಬ್ದ ಆರಂಭವಾದಾಗ, ಪೇಟೆಯಿಂದ ಬಂದ ಮೆಕ್ಯಾನಿಕ್ ಒಬ್ಬರು ಕಿವಿಗೊಟ್ಟು ಕೇಳಿ, ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ಚಕ್ರದ ಸುತ್ತಾಗಿಸುವ ಬಾಗುದಂಡ) ಸವೆದಿದೆ, ರಿಪೇರಿಗೆ ಹಾಕುವ ದುಡ್ಡಿಗೆ ಕರೆಂಟಿನ ಮೋಟರೇ ಬರುತ್ತದೆ ಎಂದರಂತೆ. ಅಪ್ಪ ಮೋಟರು ತಂದರು. ಎಂಜಿನ್ನನ್ನು ಮಾತ್ರ ಗುಜರಿಗೆ ಕೊಡಲಿಲ್ಲ. ಅದರ ಮೇಲೆ ಗೋಣಿತಾಟು ಹೊದಿಸಿ ಅಲ್ಲಿಯೇ ಬಿಟ್ಟರು.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ಅದೇ ಸೀಮೆಯ ಎಷ್ಟೋ ಹಳ್ಳಿಗಳ ಗಿರಣಿ, ಆಲೆಮನೆಗಳು ಅದಾದ ಎಷ್ಟೋ ದಶಕಗಳವರೆಗೆ ಇಂತಹ ಎಂಜಿನ್ನುಗಳನ್ನೇ ನಂಬಿಕೊಂಡಿದ್ದವು. ನಮ್ಮದು ಇಂಗ್ಲೆಂಡಿನ ಡರ್ಸ್ಲಿಯಲ್ಲಿ ಲಿಸ್ಟರ್ ಕಂಪನಿಯವರು ತಯಾರಿಸುತ್ತಿದ್ದ ಸಿ.ಎಸ್. 6/1 ಮಾದರಿಯ ನಕಲು. ಗುಜರಾತಿನ ರಾಜಕೋಟೆಯಲ್ಲಿ ಇಂತಹ ನಕಲುಗಳು ಅಪಾರ ಸಂಖ್ಯೆಯಲ್ಲಿ ತಯಾರಾಗಿವೆ. ಒಂದೇ ಸಿಲಿಂಡರು, 114.3 ಮಿಲಿಮೀಟರ್ ಅಗಲದ ಪಿಸ್ಟನ್, ಅದರ 139.7 ಮಿಲಿಮೀಟರ್ ಉದ್ದದ ಓಟ, ನಿಮಿಷಕ್ಕೆ 650 ಸುತ್ತು, ಆರು ಅಶ್ವಶಕ್ತಿ. ಇದರ ಜಾಗಕ್ಕೆ ಮುಂದೆ ಎಲ್ಲೆಡೆ ಬಂದ ಕಿರ್ಲೋಸ್ಕರ್ ಎ.ವಿ.1 ಎಂಜಿನ್ನಿನ ಗಾತ್ರ 553 ಸಿ.ಸಿ. ಮಾತ್ರ, 1500 ಸುತ್ತಿನಲ್ಲಿ ಅದು ಐದು ಅಶ್ವಶಕ್ತಿ ಕೊಡುತ್ತದೆ. ನಮ್ಮದು ಸುಮಾರು 1430 ಸಿ.ಸಿ. ಇಟ್ಟುಕೊಂಡು ಕೊಡುವುದು ಒಂದೇ ಒಂದು ಹೆಚ್ಚು. ಲೆಕ್ಕದಲ್ಲಿ ಇದು ನಷ್ಟದ ಬಾಬತ್ತು. ಆದರೆ ಸುತ್ತು ಕಡಿಮೆಯಾದಷ್ಟೂ ಸವೆತ ಕಡಿಮೆ, ತಪ್ಪನ್ನು ಕಿವಿಯಿಂದ ಹಿಡಿಯುವುದೂ ಸುಲಭ. ಆ ಸುಲಭದ ಕೆಲಸದಲ್ಲಿಯೇ ನಾನು ಎಡವಿದೆ.

ಗೋಣಿತಾಟು ತೆಗೆದಾಗ ಎಂಜಿನ್ನಿನ ಪಕ್ಕದ ಭಾರದ ಚಕ್ರ, ಅಂದರೆ ಫ್ಲೈವೀಲು, ಕೂದಲೆಳೆಯಷ್ಟೂ ಅಲುಗಲಿಲ್ಲ. ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿ, ಆ ರಂಧ್ರದಿಂದ ಡೀಸೆಲ್ ಮತ್ತು ಸೀಮೆಎಣ್ಣೆಯ ಮಿಶ್ರಣವನ್ನು ಸುರಿದು, ಹತ್ತು ದಿನ ಹಾಗೆಯೇ ಬಿಟ್ಟೆ. ಅನಂತರ ಚಕ್ರದ ಅರಗಳ ನಡುವೆ ತೆಂಗಿನ ರೀಪನ್ನು ತೂರಿಸಿ ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ಒತ್ತುತ್ತಾ ಹೋದಾಗ, ಮೂರನೆಯ ದಿನ ಸಂಜೆ, ಹಳೆಯ ಬಾಗಿಲು ಬಿಡುವಂತಹ ಸದ್ದಿನೊಂದಿಗೆ ಪಿಸ್ಟನ್ ಜರುಗಿತು. ಇಲ್ಲಿ ಸುತ್ತಿಗೆ ಎತ್ತಿದವರು ಪಿಸ್ಟನ್ನನ್ನೋ, ಅದನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡನ್ನೋ ಕಳೆದುಕೊಳ್ಳುತ್ತಾರೆ. ಸಿಲಿಂಡರಿನ ಮುಚ್ಚಳವಾದ ಹೆಡ್ಡು ಎತ್ತಿ ನೋಡಿದರೆ ಒಳಗೋಡೆಯಾದ ಲೈನರಿನಲ್ಲಿ ಗೀರುಗಳಿರಲಿಲ್ಲ. ಪಿಸ್ಟನ್ನಿನ ಸುತ್ತಲಿನ ರಿಂಗುಗಳು ಮಸಿ ಕಟ್ಟಿ ತಮ್ಮ ತೋಡಿನಲ್ಲಿಯೇ ಕೂತಿದ್ದವು, ಅಷ್ಟೆ.

ಕ್ರ್ಯಾಂಕನ್ನು ಒಳಗಿಟ್ಟುಕೊಂಡ ಪೆಟ್ಟಿಗೆ, ಅಂದರೆ ಕ್ರ್ಯಾಂಕ್ ಕೇಸಿನ ಪಕ್ಕದ ಬಾಗಿಲು ತೆಗೆದಾಗ ಕಂಡದ್ದು ಬೇರೆಯೇ ಕಥೆ. ತಳದಲ್ಲಿ ಎರಡು ಬೆರಳು ದಪ್ಪ ಕಪ್ಪು ಮಡ್ಡಿ ಕೂತಿತ್ತು. ಅದನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಉಜ್ಜಿದರೆ ರವೆಯಂತೆ ತರತರ ಎನ್ನುತ್ತಿತ್ತು: ಎರಕ ಹೊಯ್ದಾಗಿನ ಮರಳು. ಈ ನಕಲು ಎಂಜಿನ್ನುಗಳ ದೊಡ್ಡ ದೌರ್ಬಲ್ಯ ಇದೇ. ಎರಕದ ಮೂಲೆಗಳಲ್ಲಿ ಅಂಟಿಕೊಂಡ ಮರಳು ವರ್ಷಗಟ್ಟಲೆ ಉದುರುತ್ತಲೇ ಇರುತ್ತದೆ. ಕನೆಕ್ಟಿಂಗ್ ರಾಡಿನ ಕೆಳತುದಿಯ ಚಿಮ್ಮುಗೋಲು ಎಣ್ಣೆಯನ್ನು ಮೊಗೆದು ಎರಚುವಾಗ ಮರಳನ್ನೂ ಸೇರಿಸಿ ಎರಚುತ್ತದೆ. ತಂತಿ ಬ್ರಷ್ಷಿನಿಂದ ಕೆರೆದು, ಸೀಮೆಎಣ್ಣೆಯಿಂದ ಐದು ಸಲ ತೊಳೆದು, ಒಣಗಿಸಿ, ಒಳಗೋಡೆಗೆ ಎಣ್ಣೆ ತಡೆಯುವ ಬಣ್ಣ ಬಳಿಯುವುದಕ್ಕೆ ಎರಡು ಭಾನುವಾರಗಳು ಹಿಡಿದವು.

ಬಡಿತಕ್ಕೆ ಕಾರಣವೂ ಈ ಮರಳೇ ಎಂದು ನನಗೆ ಖಾತ್ರಿಯಾಯಿತು. ಕನೆಕ್ಟಿಂಗ್ ರಾಡು ಕ್ರ್ಯಾಂಕನ್ನು ಹಿಡಿಯುವ ಕೆಳತುದಿ, ಅಂದರೆ ಬಿಗ್ ಎಂಡ್ ಬಿಚ್ಚಿ, ಬೇರಿಂಗಿನ ನಡುವೆ ಸೀಸದ ತಂತಿಯ ತುಂಡನ್ನಿಟ್ಟು ಬಿಗಿದು, ಚಪ್ಪಟೆಯಾದ ಆ ತುಂಡನ್ನು ಮೈಕ್ರೋಮೀಟರಿನಿಂದ ಅಳೆದರೆ, ಸಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಿತ್ತು. ಅಷ್ಟು ಸಂದಿಗೆ ಆ ಬಡಿತ ಬರಲಾರದು ಎಂದು ಅಳತೆಯೇ ಹೇಳುತ್ತಿತ್ತು. ಆದರೂ ಆ ಮೆಕ್ಯಾನಿಕ್‌ನ ಮಾತು ಮನೆಯಲ್ಲಿ ಇಪ್ಪತ್ತಾರು ವರ್ಷ ಬೇರು ಬಿಟ್ಟಿದ್ದರಿಂದ, ನಾನು ಹೊಸ ಬೇರಿಂಗನ್ನೇ ತಂದು ಹಾಕಿದೆ. ಅದೇ ವಾರ, ಬಲಗಡೆಯ ಫ್ಲೈವೀಲಿನ ಕೀಯ (ಚಕ್ರವನ್ನು ಶಾಫ್ಟಿಗೆ ಬಿಗಿಯುವ ಲೋಹದ ಬೆಣೆ) ಸುತ್ತ ಕುಂಕುಮದಂತಹ ಕೆಂಪು ಪುಡಿ ಕೂತಿದ್ದುದನ್ನು ತುಕ್ಕೆಂದುಕೊಂಡು ಬಟ್ಟೆಯಿಂದ ಒರೆಸಿ ಹಾಕಿದೆ.

ಎಲ್ಲವನ್ನೂ ಜೋಡಿಸಿದ ಮೇಲೆ ಡೀಸೆಲ್ ಪೈಪಿನ ಗಾಳಿ ತೆಗೆದು, ಹೊಗೆ ಹೊರಹೋಗುವ ವಾಲ್ವನ್ನು ಎತ್ತಿಹಿಡಿದು ಹ್ಯಾಂಡಲ್ ತಿರುಗಿಸಿದೆ. ನಾಝಲ್ ಸರಿಯಾಗಿದ್ದರೆ ಪ್ರತಿ ಎರಡು ಸುತ್ತಿಗೊಮ್ಮೆ ಅದು ಒಣ ಬಿದಿರು ಸೀಳಿದಂತೆ ಕಿರ್ರೆನ್ನಬೇಕು. ಆ ಸದ್ದು ಕೇಳುವವರೆಗೆ ತೋಳು ನೋಯಿಸಿಕೊಳ್ಳುವುದು ವ್ಯರ್ಥ. ಹ್ಯಾಂಡಲ್ ಕೂರುವ ಶಾಫ್ಟಿನ ತುದಿಯನ್ನು ಮೊದಲೇ ನುಣುಪಾಗಿ ಉಜ್ಜಿ ಗ್ರೀಸ್ ಹಚ್ಚಿರಬೇಕು, ಏಕೆಂದರೆ ಎಂಜಿನ್ನು ಹಿಡಿದ ಕ್ಷಣ ಹ್ಯಾಂಡಲ್ ಕಳಚಿಕೊಳ್ಳದೆ ಅಲ್ಲಿಯೇ ಕಚ್ಚಿಕೊಂಡರೆ, ಗಿರಗಿರ ತಿರುಗುವ ಆ ಕಬ್ಬಿಣದ ತೋಳಿನ ಹತ್ತಿರ ಯಾರೂ ಸುಳಿಯುವಂತಿಲ್ಲ. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಯಲ್ಲಿಯೇ ಇಟ್ಟು ಹಿಡಿಯಬೇಕೆಂಬುದು ಅಪ್ಪ ನನಗೆ ಹತ್ತನೆಯ ವಯಸ್ಸಿನಲ್ಲಿ ಹೇಳಿಕೊಟ್ಟದ್ದು. ವಾಲ್ವು ಬಿಟ್ಟೊಡನೆ ಎಂಜಿನ್ನು ಒಮ್ಮೆ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಆಮೇಲೆ ಹಿಡಿದುಕೊಂಡಿತು. ಅಡುಗೆಮನೆಯಲ್ಲಿದ್ದ ಅಮ್ಮ ಒದ್ದೆ ಕೈಯಲ್ಲಿಯೇ ಹೊರಗೆ ಬಂದು ನಿಂತರು. ಅರ್ಧ ನಿಮಿಷ ಎಲ್ಲವೂ ಚೆನ್ನಾಗಿತ್ತು. ಅನಂತರ ಕೇಳಿಸಿತು: ಟಕ್, ಟಕ್.

ಹರಿಹರದ ಲೇತ್ ಕಾರ್ಖಾನೆಯಲ್ಲಿ ಬಹುಕಾಲ ಫಿಟ್ಟರ್ ಆಗಿದ್ದು ನಿವೃತ್ತರಾದ ನಮ್ಮ ದೊಡ್ಡಪ್ಪ ಆ ಸಂಕ್ರಾಂತಿಗೆ ಊರಿಗೆ ಬಂದಿದ್ದರು. ಅವರು ಎಂಜಿನ್ನಿನ ಒಳಭಾಗದ ಮಾತನ್ನೇ ಎತ್ತಲಿಲ್ಲ. ಕನ್ನಡಕ ಹಾಕಿಕೊಂಡು ಚಕ್ರದ ನಡುಭಾಗವನ್ನು ನೋಡಿ, ಕೀಯ ಅಂಚನ್ನು ಉಗುರಿನಿಂದ ಗೀರಿ, ಉಗುರನ್ನು ನನ್ನ ಮುಖದ ಮುಂದೆ ಹಿಡಿದರು. ಒರೆಸಿ ತಿಂಗಳು ತುಂಬುವ ಮೊದಲೇ ಕೆಂಪು ಪುಡಿ ಮತ್ತೆ ಬಂದಿತ್ತು.

“ಇದು ತುಕ್ಕಲ್ಲ ಕಣಪ್ಪಾ, ಕಬ್ಬಿಣ ಕಬ್ಬಿಣಾನ ತಿಂದು ಉಗುಳಿರೋದು,” ಎಂದರು.

ಶಾಫ್ಟಿನ ತುದಿ, ಕೀ ಮತ್ತು ಚಕ್ರದ ಮೇಲೆ ಒಂದೇ ನೇರಕ್ಕೆ ಸೀಮೆಸುಣ್ಣದ ಗೆರೆ ಎಳೆದು ಹತ್ತು ನಿಮಿಷ ಓಡಿಸಿ ನಿಲ್ಲಿಸಿದಾಗ, ಕೀ ಚಕ್ರವನ್ನು ಸೇರುವಲ್ಲಿ ಗೆರೆ ಮುರಿದು ಪುಡಿಯಾಗಿತ್ತು. ಸಿಲಿಂಡರಿನಲ್ಲಿ ಡೀಸೆಲ್ ಉರಿದಾಗ ಶಾಫ್ಟು ಚಕ್ರವನ್ನು ಮುಂದಕ್ಕೆ ತಳ್ಳುತ್ತದೆ. ಮರುಕ್ಷಣ ಗಾಳಿಯನ್ನು ಒತ್ತುವಾಗ ಚಕ್ರವೇ ಶಾಫ್ಟನ್ನು ಎಳೆಯುತ್ತದೆ. ಕೀ ಸಡಿಲವಿದ್ದರೆ ಈ ಕೊಡುಕೊಳ್ಳುವಿಕೆಯ ನಡುವೆ ಬಡಿತ ಹುಟ್ಟುತ್ತದೆ, ಅದು ಎರಕದ ಮೂಲಕ ಹರಿದು ಕ್ರ್ಯಾಂಕ್ ಕೇಸಿನಿಂದ ಬಂದಂತೆ ಕೇಳಿಸುತ್ತದೆ.

ಕೀಯ ತಲೆ ಚಕ್ರಕ್ಕೆ ಪೂರ್ತಿ ತಾಗಿ ಕೂತಿತ್ತು. ಸಡಿಲವಾದಾಗಲೆಲ್ಲ ಹೊಡೆದು ಹೊಡೆದು ಒಳಗೆ ತಳ್ಳಿ, ಇನ್ನು ಹೊಡೆಯಲು ಜಾಗವೇ ಇಲ್ಲದಂತಾಗಿತ್ತು. ಮರದ ದಿಮ್ಮಿಯನ್ನಿಟ್ಟು ಚಕ್ರವನ್ನೇ ಎಂಜಿನ್ನಿನ ಕಡೆಗೆ ಬಡಿದಾಗ ಕೀಯ ತಲೆಯ ಹಿಂದೆ ಸ್ವಲ್ಪ ಸಂದು ಬಿಟ್ಟಿತು. ಅಲ್ಲಿಗೆ ಎರಡು ಬೆಣೆಗಳನ್ನು ಎದುರುಬದುರಾಗಿ ಹೊಡೆದು ಕೀಯನ್ನು ಹೊರಕ್ಕೆಳೆದೆವು. ಅದರ ಜೊತೆಗೆ ಒಂದು ತಗಡಿನ ಪಟ್ಟಿಯೂ ಬಂತು. ಉಳಿದಿದ್ದ ಬಣ್ಣ ನೋಡಿದರೆ ಎಣ್ಣೆ ಡಬ್ಬದಿಂದ ಕತ್ತರಿಸಿದ್ದು. ಅಪ್ಪನಿಗೆ ಕೀಯ ಮೇಲೆ ಅನುಮಾನವಿತ್ತೋ, ಬೇರೆ ಯಾರ ಕೈಕೆಲಸವೋ, ಕೇಳಲು ಈಗ ಅವರಿಲ್ಲ.

ಹೊಸ ಕೀಯನ್ನು ದೊಡ್ಡಪ್ಪ ಅರದಿಂದಲೇ ಕೂರಿಸಿದರು. ಇದರ ಇಳಿಜಾರು ನೂರಕ್ಕೆ ಒಂದು. ನೂರು ಮಿಲಿಮೀಟರ್ ಉದ್ದಕ್ಕೆ ಒಂದು ಮಿಲಿಮೀಟರ್ ದಪ್ಪ ಇಳಿಯಬೇಕು. ಕೀಗೆ ನೀಲಿ ಬಣ್ಣ ಸವರಿ, ಹಗುರವಾಗಿ ತೂರಿಸಿ, ಹೊರಗೆ ತೆಗೆದು, ಬಣ್ಣ ಅಳಿಸಿಹೋಗಿ ಹೊಳೆಯುವ ಜಾಗಗಳನ್ನು ಮಾತ್ರ ಅರದಿಂದ ಎರಡು ಸಲ ಉಜ್ಜಿ, ಮತ್ತೆ ಬಣ್ಣ ಸವರಿ ತೂರಿಸುವುದು. ಮೇಲ್ಮೈ ತಳಮೈಗಳಲ್ಲಿ ಹೊಳಪು ಸಮವಾಗಿ ಹರಡಿಕೊಳ್ಳುವವರೆಗೆ, ನಾನು ಎಣಿಸಿದಂತೆ, ಮೂವತ್ತೊಂದು ಸಲ. ಕೊನೆಗೆ ಸುತ್ತಿಗೆಯಿಂದ ಹೊಡೆಯುವಾಗ ಸದ್ದು ಮಂದದಿಂದ ಗಟ್ಟಿಗೆ ತಿರುಗಿದೊಡನೆ ಕೈ ತಡೆದರು. ಅತಿಯಾಗಿ ಹೊಡೆದರೆ ಎರಕದ ಚಕ್ರದ ನಡುಭಾಗ ಬಿರಿಯುತ್ತದೆ. ತಲೆಯ ಹಿಂದೆ ಅರ್ಧ ಬೆರಳಿನಷ್ಟು ಸಂದು ಉಳಿಯಿತು. ಮುಂದೆ ಕೀ ತೆಗೆಯಬೇಕಾದವರಿಗೆ ಅದು ಬೇಕು.

ಅನಂತರದ ಕೆಲಸಗಳಲ್ಲಿ ಹೇಳಬೇಕಾದದ್ದು ನೀರಿನ ಡ್ರಮ್ಮಿನದು ಮಾತ್ರ. ಈ ಎಂಜಿನ್ನಿಗೆ ನೀರಿನ ಪಂಪಿಲ್ಲ; ಬಿಸಿನೀರು ತಾನಾಗಿ ಮೇಲೇರಿ ಡ್ರಮ್ಮಿಗೆ ಹೋಗುತ್ತದೆ, ತಣ್ಣೀರು ಕೆಳಗಿನಿಂದ ಬರುತ್ತದೆ. ಡ್ರಮ್ಮಿನ ನೀರು ಮೇಲಿನ ಪೈಪಿನ ಬಾಯಿಗಿಂತ ಕೆಳಗಿಳಿದರೆ ಈ ಸುತ್ತಾಟ ನಿಂತುಹೋಗುತ್ತದೆ. ಮೊದಲ ದೀರ್ಘ ಓಟದಲ್ಲಿ ಹೆಡ್ಡಿನಿಂದ ಹಬೆ ಎದ್ದಾಗ ಗಾಬರಿಯಾಗಿ ಎಂಜಿನ್ನು ನಿಲ್ಲಿಸಿದೆ. ನಾಲ್ಕು ಕೊಡ ನೀರು ಸುರಿದದ್ದೇ ರಿಪೇರಿ.

ಬಣ್ಣ ಹೊಡೆಸಿ ಹೊಸದರಂತೆ ಮಾಡಿಸು ಎಂದವರು ಹಲವರು. ನಾನು ಮಾಡಿಸಲಿಲ್ಲ. ಹಿಟ್ಟಿನ ಧೂಳೂ ಎಣ್ಣೆಯೂ ಬೆರೆತು ಗಟ್ಟಿಯಾದ ಆ ಕಂದು ಪದರ ಕಬ್ಬಿಣವನ್ನು ಯಾವ ಬಣ್ಣಕ್ಕಿಂತಲೂ ಚೆನ್ನಾಗಿ ಕಾಯ್ದಿದೆ. ಮೇಲಾಗಿ ಹೊಸ ಬಣ್ಣದ ಕೆಳಗೆ ಬಿರುಕು ಅಡಗಿಕೊಳ್ಳುತ್ತದೆ.

ಈಗ ತಿಂಗಳಿಗೊಮ್ಮೆ, ಭಾನುವಾರ ಬೆಳಿಗ್ಗೆ, ಬೀಸುವ ಕಲ್ಲಿಗೆ ಬೆಲ್ಟು ಹಾಕಿ ಮನೆಯ ರಾಗಿಯನ್ನು ಇದರಲ್ಲಿಯೇ ಬೀಸುತ್ತೇವೆ. ನಿಲ್ಲಿಸಿದ ಮೇಲೆ ಕೀಯ ಸುತ್ತ ಬಿಳಿ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದು ನೋಡುತ್ತೇನೆ. ಈವರೆಗೆ ಎಣ್ಣೆಯ ಕಲೆಯಲ್ಲದೆ ಬೇರೇನೂ ಹತ್ತಿಲ್ಲ.