ನವೆ ಹತ್ತಿದ ದೊಡ್ಡ ನಾಯಿಗೆ ಸ್ನಾನ ಮಾಡಿಸುವುದು

ಲ್ಯಾಬ್ರಡಾರೋ ಜರ್ಮನ್ ಶೆಫರ್ಡೋ, ರಾತ್ರಿಯೆಲ್ಲ ಮೈ ಕೆರೆದುಕೊಳ್ಳುತ್ತಿದ್ದರೆ ಶಾಂಪೂ ತರುವ ಮೊದಲು ನವೆ ಎಲ್ಲಿದೆ ನೋಡಿ. ಬಾಲದ ಬುಡ, ಸೊಂಟ ಕಚ್ಚಿಕೊಳ್ಳುತ್ತಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಅದಕ್ಕೆ ಚಿಗಟದ ಔಷಧಿಯೇ ಬೇಕು. ಪಾದ, ಕಂಕುಳು, ಹೊಟ್ಟೆ, ಕಿವಿ ಕೆಂಪಾಗಿದ್ದರೆ ಪರಾಗ ಅಥವಾ ದೂಳಿನ ನುಸಿಯ ಅಲರ್ಜಿ ಇರಬಹುದು. ಇಲ್ಲಿ ಸ್ನಾನದಿಂದ ಉಪಯೋಗವಿದೆ. ಅಲರ್ಜಿ ವಾಸಿಯಾಗುವುದಿಲ್ಲ, ನವೆ ಇಳಿಯುತ್ತದೆ.

ಮಳೆಗಾಲದಲ್ಲಿ ಮೈಸೂರಿನ ಬಡಾವಣೆಗಳ ಖಾಲಿ ಸೈಟುಗಳ ತುಂಬ ಕಾಂಗ್ರೆಸ್ ಗಿಡ. ಅದರೊಳಗೆ ನುಗ್ಗಿ ಬಂದ ನಾಯಿಯ ಪಾದ, ಹೊಟ್ಟೆಯನ್ನು ಗೇಟಿನ ಹತ್ತಿರವೇ ಬರೀ ನೀರಲ್ಲಿ ತೊಳೆದು, ಬೆರಳ ಸಂದಿ ಬಿಡಿಸಿ ಒರೆಸಿ. ಇದು ದಿನವೂ. ಪೂರ್ತಿ ಸ್ನಾನ ನವೆ ಜೋರಾಗಿದ್ದಾಗ ವಾರಕ್ಕೊಮ್ಮೆ ಸಾಕು.

ಬಾಚುವುದು ಸ್ನಾನಕ್ಕೆ ಮುಂಚೆ, ಒಣಗೂದಲಿನಲ್ಲಿ. ಕಿವಿಯ ಹಿಂದೆ, ತೊಡೆಯ ಹಿಂದೆ ಕಟ್ಟಿರುವ ಗಂಟು ನೆನೆದರೆ ಇನ್ನೂ ಬಿಗಿಯುತ್ತದೆ. ಶಾಂಪೂ ಅದರಡಿ ಸಿಕ್ಕಿಕೊಂಡರೆ ಹೊರಬರುವುದಿಲ್ಲ. ಸೆಕೆಯೆಂದು ಶೆಫರ್ಡಿನ ಕೂದಲು ಬೋಳಿಸಬೇಡಿ, ಮತ್ತೆ ಸರಿಯಾಗಿ ಬೆಳೆಯದೆಯೂ ಹೋಗಬಹುದು.

ನೀರು ಉಗುರುಬೆಚ್ಚಗಿರಲಿ, ಬಿಸಿಯಾದರೆ ನವೆ ಹೆಚ್ಚುತ್ತದೆ. ಇಂಥ ನಾಯಿಗೆ ನಾಲ್ಕೈದು ಬಕೆಟ್ ಬೇಕು. ಶೆಫರ್ಡಿನ ಒಳಗೂದಲು ನೀರನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ, ಮೇಲೆ ಒದ್ದೆಯಾಗಿ ಕಂಡರೂ ಬುಡ ಒಣಗಿರುತ್ತದೆ. ಬೆರಳಿಂದ ಕೂದಲು ಬಿಡಿಸಿ, ಚರ್ಮ ಕಾಣುವವರೆಗೆ ನೆನೆಸಿ. ಬರೀ ನವೆಯಿದ್ದರೆ ಓಟ್ಸ್ ಇರುವ ನಾಯಿ ಶಾಂಪೂ. ಗುಳ್ಳೆಯೋ ಜಿಡ್ಡುನಾತವೋ ಇದ್ದರೆ ವೈದ್ಯರು ಹೇಳಿದ, ರೋಗಾಣು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಶಾಂಪೂ. ನಮ್ಮ ಸೋಪು, ಡೆಟಾಲ್ ಎರಡೂ ಬೇಡ.

ಹೆಚ್ಚಿನವರು ತಪ್ಪುವುದು ಇಲ್ಲೇ. ನೊರೆ ಬಂತೆಂದು ಎರಡೇ ನಿಮಿಷಕ್ಕೆ ನೀರು ಸುರಿದರೆ ದುಬಾರಿ ಶಾಂಪೂ ಬಚ್ಚಲು ಸೇರುತ್ತದೆ, ಅಷ್ಟೆ. ಔಷಧಿ ಶಾಂಪೂ ಚರ್ಮದ ಮೇಲೆ ಹತ್ತು ನಿಮಿಷ ಇರಬೇಕು. ಮೊಬೈಲಿನಲ್ಲಿ ಟೈಮರ್ ಇಡಿ. ನವೆ ಜಾಸ್ತಿ ಇರುವ ಪಾದ, ಕಂಕುಳಿಗೆ ಮೊದಲು ಹಚ್ಚಿ, ಮುಖಕ್ಕೆ ಹಚ್ಚಲೇಬೇಡಿ. ಅಷ್ಟು ಹೊತ್ತು ನಾಯಿ ನೆಕ್ಕದಂತೆ ಒಬ್ಬರು ತಲೆ ಹಿಡಿದುಕೊಂಡಿರಲಿ.

ತೊಳೆಯುವುದಕ್ಕೆ ಇನ್ನೊಂದು ಹತ್ತು ನಿಮಿಷ. ಕೂದಲು ಹಿಂಡಿದಾಗ ಬೆರಳಿಗೆ ಜಾರು ಅನ್ನಿಸಿದರೆ ಶಾಂಪೂ ಇನ್ನೂ ಇದೆ ಎಂದೇ ಅರ್ಥ, ಉಳಿದದ್ದೇ ಮರುದಿನ ನವೆಯಾಗುತ್ತದೆ. ಮಂಡ್ಯ ಕಡೆ ಗಡಸು ಬೋರ್ ನೀರಿನ ಮನೆಗಳಲ್ಲಿ ನೊರೆ ಕಮ್ಮಿ ಬರುತ್ತದೆ. ಅದಕ್ಕೆಂದು ಶಾಂಪೂ ಹೆಚ್ಚು ಸುರಿಯಬೇಡಿ. ಕೊನೆಯ ಬಕೆಟ್ಟಾದರೂ ಕಾವೇರಿ ನೀರೋ ಮಳೆನೀರೋ ಆದರೆ ಒಳ್ಳೆಯದು.

ಟವೆಲಿನಲ್ಲಿ ಉಜ್ಜದೆ ಒತ್ತಿ ಒರೆಸಿ. ಆಮೇಲೆ ಫ್ಯಾನು, ಅಥವಾ ತಣ್ಣನೆ ಗಾಳಿಯ ಡ್ರೈಯರ್. ಮೋಡ ಮುಸುಕಿದ ದಿನ ಸಂಜೆ ಸ್ನಾನ ಮಾಡಿಸಿದರೆ ಒಳಗೂದಲು ರಾತ್ರಿಯೂ ಹಸಿಯಾಗಿದ್ದು, ಬೆಳಗಾಗುವಷ್ಟರಲ್ಲಿ ಒದ್ದೆ ಹುಣ್ಣು ಎದ್ದಿರಬಹುದು. ಬೆಳಿಗ್ಗೆ ಹನ್ನೊಂದರ ಹೊತ್ತು ಸರಿ. ಉಣ್ಣೆ ಹುಳಕ್ಕೆಂದು ಕತ್ತಿನ ಮೇಲೆ ಬಿಡುವ ಡ್ರಾಪ್ಸ್‌ಗೂ ಸ್ನಾನಕ್ಕೂ ನಡುವೆ ಹಿಂದೆ ಮುಂದೆ ಎರಡೆರಡು ದಿನ ಬಿಡುವಿರಲಿ.

ಕಿವಿಯಲ್ಲಿ ಕಂದು ಕೊಳೆ, ಒಸರುವ ಹುಣ್ಣು, ದುಂಡಗೆ ಕೂದಲುದುರಿದ ಜಾಗ ಕಂಡರೆ ವೈದ್ಯರಲ್ಲಿಗೆ ಹೋಗಿ. ಚೊಕ್ಕಟವಾಗಿ ಕರೆದೊಯ್ಯೋಣ ಎಂದು ಹಿಂದಿನ ದಿನ ಸ್ನಾನ ಮಾಡಿಸಬೇಡಿ. ಚರ್ಮ ಕೆರೆದು ನೋಡುವವರಿಗೆ ಇದ್ದದ್ದು ಇದ್ದ ಹಾಗೇ ಸಿಗಬೇಕು.