ಉಚಿತ ಪರ್ಮಿಟ್‌ಗೂ ಬೆಲೆ ಇದೆ: ಪ್ರೀಹೀಟ್ ಟ್ರೇನ್ ತೊಳೆದು ಹಣ ಉಳಿಸಿದ ನನ್ನ ಅನುಭವ

ಫರ್ನೇಸ್‌ಗೆ ಹೋಗುವ ಕ್ರೂಡನ್ನು (ಕಚ್ಚಾ ತೈಲ) ಬಿಸಿ ಉತ್ಪನ್ನಗಳ ಶಾಖದಿಂದಲೇ ಮೊದಲು ಕಾಯಿಸುವ ಎಕ್ಸ್‌ಚೇಂಜರ್‌ಗಳ ಸಾಲೇ ಪ್ರೀಹೀಟ್ ಟ್ರೇನ್. ಒಳಗೆ ಕೊಳೆ ಕಟ್ಟಿದರೆ ಫರ್ನೇಸ್ ಜಾಸ್ತಿ ಇಂಧನ ಸುಡಬೇಕು. ಈ ಎಕ್ಸ್‌ಚೇಂಜರ್ ಯಾವಾಗ ತೊಳೆಯಬೇಕು ಅನ್ನೋ ಲೆಕ್ಕಕ್ಕೆ ಕಾರ್ಬನ್ ಬೆಲೆಯನ್ನೂ ಸೇರಿಸಿ ಅಂತ ರಾಟರ್‌ಡ್ಯಾಮ್ ಬಂದರಿನ ನಮ್ಮ ರಿಫೈನರಿಯಲ್ಲಿ ವರ್ಷಗಟ್ಟಲೆ ವಾದ ಮಾಡಿದೆ. "ನಮಗೆ ಉಚಿತ ಪರ್ಮಿಟ್ ಸಿಗುತ್ತಲ್ವಾ, ಅದಕ್ಕೆ ಯಾಕೆ ಬೆಲೆ ಕಟ್ಟುತ್ತೀರಿ?" ಅನ್ನುತ್ತಿದ್ದರು ಜೊತೆಯವರು. ಪರ್ಮಿಟ್ ಅಂದರೆ ಒಂದು ಟನ್ ಕಾರ್ಬನ್ ಡೈಆಕ್ಸೈಡ್ ಬಿಡಲು ಬೇಕಾದ ಯುರೋಪ್ ಒಕ್ಕೂಟದ ಪರವಾನಗಿ. ಒಂದಷ್ಟು ಉಚಿತ, ಸಾಲದಿದ್ದರೆ ಕೊಳ್ಳಬೇಕು. ಈಗ ಅದೇ ಲೆಕ್ಕದ ಮೇಲೆ ಇಡೀ ಕ್ರೂಡ್ ಯೂನಿಟ್‌ನ ಕ್ಲೀನಿಂಗ್ ಪ್ಲಾನ್ ನಡೆಯುತ್ತಿದೆ. ಹಾಗಾಗಿ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಬಂದವು, ಅಂದಾಜು ಅಂತಲೇ ತಿಳಿಯಿರಿ.

ಮಂಗಳೂರಿನಲ್ಲಿ ಕೆಲಸ ಮಾಡುವಾಗ ನಮಗೆ ಎಂಬಿಎನ್ (ಭಾರತದ ರಿಫೈನರಿಗಳ ಇಂಧನ ಬಳಕೆ ಅಳೆಯುವ ಸಂಖ್ಯೆ) ಒಂದೇ ದೇವರು. ಇಲ್ಲಿ ಸಿಡಬ್ಲ್ಯೂಟಿ, ಅಂದರೆ ಪ್ರತಿ ಯೂನಿಟ್‌ನ ಸಂಕೀರ್ಣತೆಗೆ ತಕ್ಕ ತೂಕ ಕೊಟ್ಟು ಎಣಿಸಿದ ಟನ್. ಯುರೋಪ್ ಒಕ್ಕೂಟ ಪರ್ಮಿಟ್ ಕೊಡುವಾಗ ನೀವು ಎಷ್ಟು ಇಂಧನ ಸುಟ್ಟಿರಿ ಅಂತ ಕೇಳುವುದಿಲ್ಲ, ಯಾವ ಯೂನಿಟ್‌ನಲ್ಲಿ ಎಷ್ಟು ಓಡಿಸಿದಿರಿ ಅಂತ ನೋಡುತ್ತದೆ. ಅಂದರೆ ಫರ್ನೇಸ್‌ನಲ್ಲಿ ಒಂದು ಟನ್ ಉಳಿಸಿದರೆ ಆ ವರ್ಷದ ಉಚಿತ ಪಾಲು ಕಡಿಮೆಯಾಗುವುದಿಲ್ಲ. ಉಳಿದ ಟನ್ ಪೂರ್ತಿ ನಿಮ್ಮದು. ಕೊರತೆ ಇದ್ದರೆ ಅಷ್ಟು ಕೊಳ್ಳುವುದು ತಪ್ಪುತ್ತದೆ, ಹೆಚ್ಚಿದ್ದರೆ ಮಾರಬಹುದು. ಇಷ್ಟನ್ನು ಒಪ್ಪಿಸುವುದಕ್ಕೇ ಎಲ್ಲಕ್ಕಿಂತ ಜಾಸ್ತಿ ಸಮಯ ಹೋಯಿತು. 2021ರಿಂದ ಬೆಂಚ್‌ಮಾರ್ಕ್, ಅಂದರೆ ಉಚಿತ ಪಾಲಿನ ಅಳತೆ, ಒಂದು ಸಿಡಬ್ಲ್ಯೂಟಿಗೆ 29.5 ಕೆಜಿಯಿಂದ 22.8ಕ್ಕೆ ಇಳಿಯಿತು. 2023ರ ಫೆಬ್ರವರಿಯಲ್ಲಿ ಪರ್ಮಿಟ್ ಬೆಲೆ ಟನ್ನಿಗೆ 100 ಯುರೋ ಮುಟ್ಟಿತು. ಆಗ ಫೈನಾನ್ಸ್‌ನವರೇ ನನ್ನನ್ನು ಹುಡುಕಿಕೊಂಡು ಬಂದರು.

ನಮ್ಮದು ದಿನಕ್ಕೆ ಸುಮಾರು 1 ಲಕ್ಷ ಬ್ಯಾರಲ್ ಯೂನಿಟ್. ಫರ್ನೇಸ್ ಒಳಗೆ ಹೋಗುವ ಕ್ರೂಡ್ 1 ಡಿಗ್ರಿ ತಣ್ಣಗಾದರೆ ಸುಮಾರು ಅರ್ಧ ಮೆಗಾವ್ಯಾಟ್ ಇಂಧನ ಜಾಸ್ತಿ ಬೇಕು. ವರ್ಷಕ್ಕೆ ಹತ್ತಿರ ಹತ್ತಿರ 800 ಟನ್ ಕಾರ್ಬನ್ ಡೈಆಕ್ಸೈಡ್. ಟರ್ನ್‌ಅರೌಂಡ್ (ದೊಡ್ಡ ರಿಪೇರಿಗೆ ಯೂನಿಟ್ ನಿಲ್ಲಿಸುವುದು) ಮುಗಿದಾಗ ಈ ತಾಪಮಾನ 265 ಇದ್ದದ್ದು ಎರಡು ಮೂರು ವರ್ಷದಲ್ಲಿ 245ಕ್ಕೆ ಬಂದಿತ್ತು. 20 ಡಿಗ್ರಿ ಅಂದರೆ 16,000 ಟನ್. ಎಷ್ಟು ದುಡ್ಡು ಅಂತ ನೀವೇ ಗುಣಿಸಿ ನೋಡಿ.

ಮೊದಲು ಆಂಟಿಫೌಲೆಂಟ್, ಅಂದರೆ ಕೊಳೆ ಕಟ್ಟದಂತೆ ತಡೆಯುವ ರಾಸಾಯನಿಕ, ಹಾಕಿದೆವು. ಸಪ್ಲೈಯರ್ ಗ್ರಾಫ್ ಚೆನ್ನಾಗಿಯೇ ತೋರಿಸಿದ. ಒಂದು ವರ್ಷಕ್ಕೆ 3 ಲಕ್ಷ ಯುರೋ ಹತ್ತಿರ ಖರ್ಚಾಯಿತು, ಟ್ರೆಂಡ್ ಒಂದಿಷ್ಟೂ ಬದಲಾಗಲಿಲ್ಲ. ಆಮೇಲೆ ಡಿಸಾಲ್ಟರ್‌ಗೆ (ಕ್ರೂಡ್‌ನ ಉಪ್ಪು ತೆಗೆಯುವ ಪಾತ್ರೆ) ಮುಂಚಿನ ತಣ್ಣನೆ ಕಡೆಯ ಷೆಲ್‌ಗಳನ್ನು (ಎಕ್ಸ್‌ಚೇಂಜರ್‌ಗಳನ್ನು) ತೊಳೆಸಲಾಯಿತು, ಅಲ್ಲಿ ಐಸೊಲೇಟ್ ಮಾಡುವುದು ಸುಲಭ ಅನ್ನೋ ಕಾರಣಕ್ಕೆ. ಅಲ್ಲಿ 8 ಡಿಗ್ರಿ ಸಿಕ್ಕರೂ ಫರ್ನೇಸ್ ಬಾಯಿಗೆ ಬರುವಷ್ಟರಲ್ಲಿ 2 ಉಳಿಯಿತು. ಮುಂದಿನ ಎಕ್ಸ್‌ಚೇಂಜರ್‌ಗಳಲ್ಲಿ ಡೆಲ್ಟಾ ಟಿ (ಎರಡು ಕಡೆಯ ತಾಪಮಾನದ ಅಂತರ) ಕಡಿಮೆಯಾಗಿ ಲಾಭವನ್ನೆಲ್ಲ ತಿಂದುಹಾಕಿತ್ತು. "ಇದಕ್ಕೇನಾ ಇಷ್ಟು ಗಲಾಟೆ?" ಅಂದವರು ಇದ್ದರು.

ಕೆಲಸ ಆದದ್ದು ಬಿಸಿ ಕಡೆಯಲ್ಲಿ. ವ್ಯಾಕ್ಯೂಮ್ ರೆಸಿಡ್ಯೂ (ಬಟ್ಟಿ ಇಳಿಸಿದ ಮೇಲೆ ಉಳಿಯುವ ದಪ್ಪ ಎಣ್ಣೆ) ಓಡುವ ಕೊನೆಯ ಜೋಡಿಯಲ್ಲಿ. ಓಡುತ್ತಿರುವಾಗಲೇ ಬೈಪಾಸ್ ಮಾಡಿ ತೊಳೆಯುವುದು ಅಪಾಯ ಅಂತ ಆಪರೇಷನ್ಸ್‌ನವರು ತಡೆಯುತ್ತಿದ್ದರು. ಅವರ ಭಯ ಸುಳ್ಳಲ್ಲ, ಬ್ಲಾಕ್ ವಾಲ್ವ್ ಸರಿಯಾಗಿ ಮುಚ್ಚದಿದ್ದರೆ 300 ಡಿಗ್ರಿ ಮೀರಿದ ರೆಸಿಡ್ಯೂ ಎದುರಿಗೆ ನಿಂತಿರುತ್ತದೆ. ಬ್ಲೈಂಡ್ (ಪೈಪ್ ಮುಚ್ಚುವ ಲೋಹದ ತಟ್ಟೆ) ಹಾಕುವ ಮುಂಚೆ ಲೈಟ್ ಗ್ಯಾಸಾಯಿಲ್‌ನಿಂದ (ಡೀಸೆಲ್‌ನಂಥ ಹಗುರ ಎಣ್ಣೆ) ಫ್ಲಶ್ ಮಾಡುವ ಕ್ರಮ ನಾವೇ ಕಟ್ಟಿಕೊಂಡೆವು. ಎಷ್ಟು ಹೊತ್ತು, ಯಾವ ತಾಪಮಾನದಲ್ಲಿ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಟ್ಯೂಬ್ ಬಂಡಲ್ ಎಳೆದಾಗ ಸುಲಭವಾಗಿ ಬರುವುದು ಆ ಫ್ಲಶ್‌ನಿಂದಲೇ.

ದುಡ್ಡಿನ ಮಾತು. ಕ್ರೇನ್, ಸ್ಕ್ಯಾಫೋಲ್ಡಿಂಗ್, ಹೈಡ್ರೋಜೆಟ್, ಕೊಳೆ ವಿಲೇವಾರಿ ಎಲ್ಲ ಸೇರಿ ಒಂದು ಜೋಡಿಗೆ 55 ಸಾವಿರ ಯುರೋ. ಬೈಪಾಸ್ ಇದ್ದ ದಿನಗಳ ನಷ್ಟ ಇನ್ನೊಂದು 30 ಸಾವಿರ. ಸಿಕ್ಕಿದ್ದು ಮೊದಲಿಗೆ 7 ಡಿಗ್ರಿ, ಅರ್ಧ ವರ್ಷದ ಸರಾಸರಿ ಮೂರೂವರೆ. ಗ್ಯಾಸ್ ಮೆಗಾವ್ಯಾಟ್-ಗಂಟೆಗೆ 12 ಯುರೋ ಇದ್ದ ಕಾಲದಲ್ಲಿ ಗ್ಯಾಸ್ ಉಳಿತಾಯ ಮಾತ್ರ ಎಣಿಸಿದರೆ ಇದು ಸಮಸಮ. ಅದಕ್ಕೇ ಯಾರೂ ಕೈ ಹಾಕಿರಲಿಲ್ಲ. ಟನ್ನಿಗೆ 80 ಯುರೋ ಕಾರ್ಬನ್ ಸೇರಿಸಿ ನೋಡಿ, ಅದೊಂದರಿಂದಲೇ ಲಕ್ಷ ಯುರೋ ದಾಟುತ್ತದೆ. 2022ರ ಗ್ಯಾಸ್ ಬೆಲೆಯಲ್ಲಂತೂ ಲೆಕ್ಕವೇ ಬೇಕಿರಲಿಲ್ಲ.

ಒಂದು ಪೆಟ್ಟು ಮಾತ್ರ ಜೋರಾಗಿ ಬಿತ್ತು. ಫರ್ನೇಸ್ ಇಂಧನ ಇಳಿಯಿತು, ಆದರೆ ಅದು ಬೇಸಿಗೆ. ನ್ಯಾಚುರಲ್ ಗ್ಯಾಸ್ ಆಮದು ಆಗಲೇ ಮಿನಿಮಮ್‌ನಲ್ಲಿತ್ತು. ರಿಫೈನರಿಯಲ್ಲೇ ಹುಟ್ಟುವ ಫ್ಯೂಯೆಲ್ ಗ್ಯಾಸ್ ಉಳಿದು ಸೀದಾ ಫ್ಲೇರ್‌ಗೆ, ಅಂದರೆ ಹೆಚ್ಚಾದ ಗ್ಯಾಸ್ ಸುಡುವ ಚಿಮಣಿಗೆ, ಹೋಯಿತು. ಫ್ಲೇರ್‌ನಲ್ಲಿ ಉರಿದದ್ದಕ್ಕೂ ಪರ್ಮಿಟ್ ಕೊಡಲೇಬೇಕು. ಫ್ಯೂಯೆಲ್ ಗ್ಯಾಸ್‌ನಲ್ಲಿದ್ದ ಪ್ರೊಪೇನ್, ಬ್ಯೂಟೇನ್ ಜಾಸ್ತಿ ಹಿಂಡಿ ಎಲ್‌ಪಿಜಿ ಮಾಡಿ ಮಾರಿದ ಮೇಲೆ ಬ್ಯಾಲೆನ್ಸ್ ಸರಿಹೋಯಿತು. ಈಗ ಗ್ಯಾಸ್ ಬ್ಯಾಲೆನ್ಸ್ ನೋಡದೆ ಯಾವ ಷೆಲ್ಲನ್ನೂ ಬಿಚ್ಚುವುದಿಲ್ಲ.

ಸುಮ್ನೆ ಕುತೂಹಲಕ್ಕೆ ಕೆಲವು ಟ್ಯೂಬ್‌ಗಳಿಗೆ ಸ್ಪ್ರಿಂಗ್ ಇನ್ಸರ್ಟ್ ಹಾಕಿಸಿದೆ. ಕೊಳೆ ಕಡಿಮೆಯಾಯಿತು, ಪ್ರೆಷರ್ ಡ್ರಾಪ್ ಏರಿ ಕ್ರೂಡ್ ಪಂಪ್ ಬಸವಳಿಯಿತು. ತೆಗೆಸಿದೆ. ಇನ್ನೊಂದು ಪ್ರಯೋಗ ಫಲ ಕೊಟ್ಟಿತು. 2022ರ ಡಿಸೆಂಬರ್‌ನಲ್ಲಿ ಸಮುದ್ರದ ಮೂಲಕ ಬರುವ ರಷ್ಯಾದ ಕ್ರೂಡ್ ನಿಂತ ಮೇಲೆ ಅಮೆರಿಕದ ಹಗುರ ಕ್ರೂಡ್ ಜಾಸ್ತಿಯಾಯಿತು. ಪ್ಯಾರಫಿನ್ ಜಾಸ್ತಿ ಇರುವ ಇದನ್ನು ಭಾರದ ಕ್ರೂಡ್ ಜೊತೆ ಬೆರೆಸಿದರೆ ಆಸ್ಫಾಲ್ಟೀನ್ (ಟಾರಿನಂಥ ಭಾರದ ಅಂಶ) ಬೇರ್ಪಟ್ಟು ಬೀಳುತ್ತದೆ, ಬಿಸಿ ಕಡೆ ತಿಂಗಳಲ್ಲೇ ಕಟ್ಟಿಕೊಳ್ಳುತ್ತದೆ. ಟ್ಯಾಂಕಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಎಷ್ಟಕ್ಕೆ ಎಷ್ಟು ಅನ್ನೋ ಒಂದು ಪಟ್ಟಿ ನನ್ನ ಹತ್ತಿರ ಇದೆ. ಅದು ಸದ್ಯಕ್ಕೆ ನಮ್ಮ ಪ್ಲ್ಯಾಂಟ್ ಬಿಟ್ಟು ಹೊರಗೆ ಹೋಗುವುದಿಲ್ಲ.

ಇಷ್ಟು ಒದ್ದಾಟ ಯಾಕೆ ಅಂದರೆ, ಜಾಮ್‌ನಗರದಿಂದಲೋ ಅಬುಧಾಬಿಯ ರುವೈಸ್‌ನಿಂದಲೋ ಇಲ್ಲಿಗೆ ಬರುವ ಡೀಸೆಲ್ ಮೇಲೆ ಈ ಪರ್ಮಿಟ್ ಖರ್ಚಿಲ್ಲ. ಸಿಬ್ಯಾಮ್ ಅನ್ನೋ ಯುರೋಪ್ ಒಕ್ಕೂಟದ ಕಾರ್ಬನ್ ಗಡಿ ಸುಂಕ ಸಿಮೆಂಟ್, ಉಕ್ಕು, ಅಲ್ಯೂಮಿನಿಯಂ, ಗೊಬ್ಬರ, ವಿದ್ಯುತ್, ಹೈಡ್ರೋಜನ್ ಮೇಲೆ ಶುರುವಾಯಿತು, ಡೀಸೆಲ್ ಅದರಲ್ಲಿ ಸೇರಲಿಲ್ಲ. 2025ರಲ್ಲಿ ಜರ್ಮನಿಯ ವೆಸ್ಸೆಲಿಂಗ್‌ನಲ್ಲಿ ಕ್ರೂಡ್ ಓಡಿಸುವುದು ನಿಂತಿತು, ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನಲ್ಲೂ ನಿಂತಿತು. ಕಾರ್ಬನ್ ನಿಯಮವೇ ನಮ್ಮನ್ನು ಕೊಲ್ಲುತ್ತಿದೆ ಅನ್ನುವವರ ಜೊತೆ ನಾನು ಪೂರ್ತಿ ಒಪ್ಪುವುದಿಲ್ಲ. ದುಬಾರಿ ಗ್ಯಾಸ್, ಹಳೆಯ ಯೂನಿಟ್, ಕುಗ್ಗುತ್ತಿರುವ ಬೇಡಿಕೆ ಇವೂ ಸೇರಿವೆ. ನಿಯಮ ಬದಲಿಸುವುದು ನನ್ನ ಕೈಲಿಲ್ಲ. 20 ಡಿಗ್ರಿಯಲ್ಲಿ 12 ವಾಪಸ್ ತಂದಿದ್ದೇನೆ. ಉಳಿದ 8ಕ್ಕೆ ಮುಂದಿನ ಟರ್ನ್‌ಅರೌಂಡ್‌ನಲ್ಲಿ ಡಿಸಾಲ್ಟರ್ ಆಚೆಯ ಎರಡು ಷೆಲ್‌ಗಳಿಗೆ ಹೊಸ ಬ್ಲಾಕ್ ವಾಲ್ವ್ ಕೇಳಿದ್ದೇನೆ. ಈ ಸಲ ಬಜೆಟ್ ಮೀಟಿಂಗ್‌ನಲ್ಲಿ ಯಾರೂ ತಕರಾರು ಮಾಡಲಿಲ್ಲ.